4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್: ಮೊದಲು ಯಾವುದನ್ನು ಬದಲಿಸಬೇಕು?

ಹೊಳೆಬದಿ:
ಕೋರ್ ಐ3-5005ಯು, 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ 500 ಜಿಬಿ ಹಾರ್ಡ್ ಡಿಸ್ಕ್, 1366×768 ಪರದೆ, ವಿಂಡೋಸ್ 10. ಕೆಲಸ ಬ್ರೌಸರ್, ಕನ್ನಡ ಟೈಪಿಂಗ್, ಪಿಡಿಎಫ್ ಓದು ಅಷ್ಟೇ. ಆನ್ ಮಾಡಿ ಐದು ನಿಮಿಷವಾದರೂ ಕ್ಲಿಕ್ಕಿಗೆ ಓಗೊಡುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100%, ಸಿಪಿಯು 15%. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಹಾಕಿಸಲೋ, ರ‍್ಯಾಮ್ ಹೆಚ್ಚಿಸಲೋ, ಲಿನಕ್ಸಿಗೆ ಹೋಗಲೋ? ಚಿಕ್ಕ ಗಾತ್ರದ ಕನ್ನಡ ಅಕ್ಷರ ಕಲಸಿದಂತೆ ಕಾಣುವುದಕ್ಕೂ ಉಪಾಯ ಬೇಕು.

ಬೆಸುಗೆ:
ನೀವು ಕೊಟ್ಟ ಎರಡು ಅಂಕಿಗಳಲ್ಲೇ ಉತ್ತರವಿದೆ. ಪ್ರೊಸೆಸರ್ ಡಿಸ್ಕಿಗಾಗಿ ಕಾದು ಕೂತಿದೆ. 5400 ಆರ್‌ಪಿಎಂ ತಟ್ಟೆ ಒಂದು ಸುತ್ತು ಬರಲು 11 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತು ಕಾಯಬೇಕು, ಮೇಲೆ ಹೆಡ್ ಸರಿಯುವ ಹೊತ್ತು ಬೇರೆ. ಅಲ್ಲಲ್ಲಿ ಚದುರಿದ ಚೂರುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಷ್ಟೇ ಓದಬಲ್ಲದು. ಎಸ್‌ಎಸ್‌ಡಿ ಸಾವಿರಾರು ಓದುತ್ತದೆ.

2.5 ಇಂಚಿನ, 7 ಮಿ.ಮೀ. ದಪ್ಪದ, ಹಳೇ ಡಿಸ್ಕಿನ ಜಾಗಕ್ಕೇ ಕೂರುವ ಸಾಟಾ ಎಸ್‌ಎಸ್‌ಡಿ ಕೊಳ್ಳಿ, 240 ಜಿಬಿ ಧಾರಾಳ. ಅಗ್ಗಕ್ಕೆ ಸಿಕ್ಕಿತೆಂದು ಎನ್‌ವಿಎಂಇ (ಬೇರೆ ಸ್ಲಾಟ್ ಬೇಡುವ ಎಸ್‌ಎಸ್‌ಡಿ) ಕೊಳ್ಳಬೇಡಿ, ಈ ಕಾಲದ ಬಹುಪಾಲು ಯಂತ್ರಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ಕ್ಲೋನ್ ಮಾಡುವಾಗ (ಎಲ್ಲವನ್ನೂ ಇದ್ದಂತೆಯೇ ನಕಲಿಸುವಾಗ) ಪಾರ್ಟಿಷನ್, ಅಂದರೆ ಡಿಸ್ಕಿನ ವಿಭಾಗ, ಕುಗ್ಗಿಸುವ ತಾಪತ್ರಯವಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ವಾಸಿ. ಕಡತಗಳ ಬ್ಯಾಕಪ್ ಮೊದಲು. ಹಿಂಬದಿ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆದು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ.

ಓದುಗಣ್ಣು:
ಎಸ್‌ಎಸ್‌ಡಿ ಮೊದಲು, ಒಪ್ಪಿದೆ. ಆದರೆ 4 ಜಿಬಿಯಲ್ಲೇ ಬಿಟ್ಟರೆ ಬ್ರೌಸರಿನ ಟ್ಯಾಬುಗಳು ರ‍್ಯಾಮ್ ತುಂಬಿಸಿ, ಉಳಿದದ್ದು ಡಿಸ್ಕಿಗೇ ಹೋಗುತ್ತದೆ. ಹೇಗೂ ಬಿಚ್ಚುತ್ತೀರಿ, ಒಟ್ಟಿಗೇ ಇನ್ನೊಂದು 4 ಜಿಬಿ ಹಾಕಿ. ಕೆಲವು ಮಾದರಿಗಳಲ್ಲಿ ಒಂದೇ ಸ್ಲಾಟ್ ಇರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟುಗಳ ಸಂಖ್ಯೆ ನೋಡಿಕೊಳ್ಳಿ. ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್, ಲೇಬಲ್ಲಿನ ಮೇಲೆ ಪಿಸಿ3ಎಲ್-12800ಎಸ್ ಎಂದಿರಬೇಕು. ‘ಎಲ್’ ಇಲ್ಲದ್ದು 1.5 ವೋಲ್ಟಿನದು, ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಏಳದೇ ಹೋಗಬಹುದು.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐದನೇ ತಲೆಮಾರಿನ ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ ನಿಮ್ಮ ಕೆಲಸಕ್ಕೆ ಸಾಕು.

ಈಗ ಪರದೆಯ ಮಾತು. ಇದಕ್ಕೆ ಎಷ್ಟು ರ‍್ಯಾಮ್ ಸುರಿದರೂ ಪ್ರಯೋಜನವಿಲ್ಲ. ಕನ್ನಡದ ಒತ್ತು ಸಾಲಿನ ಕೆಳಗೆ ಕೂರುತ್ತದೆ. 12 ಪಿಕ್ಸೆಲ್ ಗಾತ್ರದಲ್ಲಿ ಅದಕ್ಕೆ ಸಿಗುವುದು ಮೂರ್ನಾಲ್ಕು ಪಿಕ್ಸೆಲ್. ‘ತ’ ಒತ್ತು ಯಾವುದು, ‘ನ’ ಒತ್ತು ಯಾವುದು ಎಂದು ಕಣ್ಣು ತಡಕಾಡುತ್ತದೆ. ಹಾಗೆಂದು ಇಡೀ ಪರದೆಯನ್ನು 125%ಗೆ ಹಿಗ್ಗಿಸಬೇಡಿ: 1366×768 ಎಂಬುದು 1093×614ರಷ್ಟಾಗಿ, ಕೆಲವು ಕಿಟಕಿಗಳ ‘ಸರಿ’ ಬಟನ್ನೇ ಪರದೆಯ ಕೆಳಗೆ ಜಾರಿಹೋಗುತ್ತದೆ. ಅಕ್ಷರ ಮಾತ್ರ ದೊಡ್ಡದಾಗಲಿ. ಎಕ್ಸ್‌ಎಫ್‌ಸಿಇಯ ಅಪಿಯರೆನ್ಸ್‌ನಲ್ಲಿ ಫಾಂಟ್ಸ್ ಪುಟಕ್ಕೆ ಹೋಗಿ ಡಿಪಿಐ (ಅಕ್ಷರದ ಗಾತ್ರ ನಿರ್ಧರಿಸುವ ಅಂಕಿ) 96ನ್ನು 108 ಮಾಡಿ. ಫೈರ್‌ಫಾಕ್ಸಿನ ಸುಧಾರಿತ ಫಾಂಟ್ ಆಯ್ಕೆಯಲ್ಲಿ ಕನ್ನಡ ಲಿಪಿಗೆ ಕನಿಷ್ಠ ಗಾತ್ರ 16 ಕೊಡಿ. ಮೆನು, ಐಕಾನುಗಳಿರುವ ಪಟ್ಟಿಯನ್ನು (ಪ್ಯಾನೆಲ್) ಎಡಬದಿಗೆ ನಿಲ್ಲಿಸಿದರೆ ಎತ್ತರ ಉಳಿಯುತ್ತದೆ. ಈ ಪರದೆಯಲ್ಲಿ ಅಗಲಕ್ಕೆ ಬರವಿಲ್ಲ, ಎತ್ತರಕ್ಕಿದೆ.

ಕೀಲಿಮಣೆ:
ಲಿನಕ್ಸಿನಲ್ಲೂ ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸವೇ ಬೇಕಿದ್ದರೆ ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಕನ್ನಡದಡಿ ‘ಕೆಜಿಪಿ’ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳಿದ್ದರೆ, ವಿಂಡೋಸ್ ಅಳಿಸುವ ಮೊದಲೇ ಆ ಫಾಂಟುಗಳನ್ನು ನಕಲಿಸಿಕೊಳ್ಳಿ. ಅವಿಲ್ಲದೆ ಅಕ್ಷರದ ಬದಲು ಗೊಜ್ಜು ಕಾಣುತ್ತದೆ.

ಹೊಳೆಬದಿ:
ಎರಡು ಸ್ಲಾಟಿನಲ್ಲಿ ಒಂದು ಖಾಲಿ ಇದೆ. ಈಗಿರುವ ರ‍್ಯಾಮ್ 1600 ಮೆಗಾಹರ್ಟ್ಸ್. ಹೊಸದಕ್ಕೆ ಅದೇ ಕಂಪನಿ ಬೇಕೇ?

ಬೆಸುಗೆ:
ಕಂಪನಿ ಬೇರೆಯಾದರೂ ನಡೆಯುತ್ತದೆ. ವೋಲ್ಟೇಜ್, ವೇಗ, ಗಾತ್ರ ಮೂರೂ ಒಂದೇ ಇರಲಿ. ಆಗ ಎರಡೂ ಡ್ಯುಯಲ್ ಚಾನೆಲ್ಲಿನಲ್ಲಿ, ಅಂದರೆ ಜೋಡಿಯಾಗಿ ಏಕಕಾಲಕ್ಕೆ, ಓಡುತ್ತವೆ, ರ‍್ಯಾಮನ್ನೇ ಹಂಚಿಕೊಳ್ಳುವ ಒಳಗಿನ ಗ್ರಾಫಿಕ್ಸಿಗೂ ಅನುಕೂಲ.