ಪದಚರ್ಚೆ: ಗೋಧಿಯ 'ಕ್ಲಾಸ್'ಗೆ ಎಂತ ಹೇಳುವುದು? (ತುರ್ತು)

ಎಲ್ಲರಿಗೂ ನಮಸ್ಕಾರ.

ಇಲ್ಲೊಂದು ಧಾನ್ಯ ಪ್ರದರ್ಶನಕ್ಕೆ ಕೆನಡಾ ಗೋಧಿಯ ಫ್ಲೆಕ್ಸ್ ಅನುವಾದಿಸುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಪ್ರೆಸ್ಸಿಗೆ ಮ್ಯಾಟರ್ ಕೊಡಬೇಕು. ವೆರೈಟಿಗೆ ತಳಿ, ಗ್ರೇಡಿಗೆ ದರ್ಜೆ. ನಡುವಿನ 'ಕ್ಲಾಸ್'ನಲ್ಲಿ ಸಿಕ್ಕಿಬಿದ್ದಿದ್ದೇನೆ. ಅಲ್ಲಿನ ಧಾನ್ಯ ಆಯೋಗ ಹಿಟ್ಟಿನ ಗುಣ ನೋಡಿ ಪ್ರತಿ ತಳಿಯನ್ನೂ ಒಂದು ಕ್ಲಾಸಿಗೆ ಸೇರಿಸುತ್ತದೆ. ನಂಬರ್ 1, 2, 3 ಎಂಬ ದರ್ಜೆ ಬರುವುದು ಆ ಕ್ಲಾಸಿನೊಳಗೆ. 2018ರ ಆಗಸ್ಟ್ 1ರಂದು, ಗ್ಲುಟೆನ್ (ಹಿಟ್ಟು ನಾದುವಾಗ ಬರುವ ಅಂಟು) ಬಲ ಸಾಲದೆಂದು 25 ತಳಿಗಳನ್ನು ಮೇಲ್ಮಟ್ಟದ ಕ್ಲಾಸಿನಿಂದ ತೆಗೆದು ಬೇರೆಯದಕ್ಕೆ ಹಾಕಿದರು. ಥ್ಯಾಚರ್, ನೀಪವಾ ಎಂಬ ಹಳೇ ತಳಿಗಳೂ ಹೋದವು. ಬೀಜ ಅದೇ, ಹೊಲ ಅದೇ, ಕ್ಲಾಸ್ ಮಾತ್ರ ಬೇರೆ.

'25 ತಳಿಗಳ ವರ್ಗ' ಅಂತ ಬರೆದೆ. ನಮ್ಮವರು ಓದಿ, "ಯಾವ ಆಫೀಸಿಗೆ ವರ್ಗ ಆದದ್ದು?" ಅಂದರು.
(ಉಡುಪಿ)

> ಜಾತಿ ಅನ್ನಿ. ಊರಲ್ಲಿ 'ಇದು ಯಾವ ಜಾತಿಯ ಅಕ್ಕಿ' ಅಂತಲೇ ಕೇಳುವುದು.
(ಸುರತ್ಕಲ್)

> 'ಜಾತಿ ಬದಲಾವಣೆ' ಅಂತ ಫ್ಲೆಕ್ಸ್ ಕಟ್ಟಿ ನೋಡಿ ಮಾರಾಯ್ರೇ. ಮತ್ತೆ, ಜವೆಗೋಧಿ ನಿಜವಾಗಿಯೂ ಬೇರೆ ಜಾತಿ. ಅದಕ್ಕೆ ಆ ಪದ ಬೇಕು. ಬಿಡಿ.
(ಮಣಿಪಾಲ)

> ವರ್ಗ ಸಂಸ್ಕೃತ, ದರ್ಜೆ ಅರಬ್ಬಿ ಮೂಲದ್ದು. ಅಚ್ಚಗನ್ನಡದಲ್ಲಿ 'ಬಗೆ' ಇರುವಾಗ ಈ ಪರದಾಟ ಯಾಕೆ? ಬಗೆದು, ಒಳಗೆ ನೋಡಿ ಬೇರ್ಪಡಿಸಿದ್ದೇ ಬಗೆ. ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಓದಲಿಲ್ಲ.
(ಕದ್ರಿ)

> ಓದಿದ್ದೇವೆ ಮೇಷ್ಟ್ರೇ. ಹಳಗನ್ನಡದಲ್ಲಿ ಬಗೆ ಅಂದರೆ ಮನಸ್ಸು ಅಂತಲೂ ಉಂಟು. ಅದನ್ನೂ ಬಗೆದೇ ತೆಗೆದದ್ದೋ? ಮತ್ತೆ ನಿಮ್ಮ 'ಗೋಧಿ' ಗೋಧೂಮದಿಂದ ಬಂದದ್ದು. ಅದಕ್ಕೂ ಅಚ್ಚಗನ್ನಡ ಹುಡುಕಿ.
(ಮಣಿಪಾಲ)

> ನಾನು ಅಕ್ಕಿ ಮಿಲ್ಲಿನವ. ಬೆಂಬಲ ಬೆಲೆಗೆ ಭತ್ತ ತೆಗೆದುಕೊಳ್ಳುವಾಗ 'ಸಾಮಾನ್ಯ', 'ಎ ಗ್ರೇಡ್' ಅಂತ ಎರಡು. ಅದು ಕಾಳಿನ ಉದ್ದ-ಅಗಲದ ಲೆಕ್ಕ. ಜೊಳ್ಳು ಎಷ್ಟು, ಕಸ ಎಷ್ಟು ಅಂತ ನೋಡುವುದು ಬೇರೆಯೇ. ಅಂದರೆ ನಮ್ಮ 'ಗ್ರೇಡ್' ನಿಮ್ಮ ಕೆನಡಾದ 'ಕ್ಲಾಸ್'ಗೆ ಹತ್ತಿರ. ದರ್ಜೆ ಅಂತ ಹಾಕಿದರೆ ರೈತರಿಗೆ ಎರಡೂ ಒಂದೇ ಅನ್ನಿಸುತ್ತದೆ, ಜಾಗ್ರತೆ.
(ಬ್ರಹ್ಮಾವರ)

> ಮಿಲ್ಲಿನವರು ಹೇಳಿದ್ದು ಉಪಕಾರ ಆಯ್ತು. ಕದ್ರಿ ಮೇಷ್ಟ್ರೇ, ಬೇಜಾರು ಮಾಡಬೇಡಿ. 2008ರವರೆಗೆ ಅಲ್ಲಿ ಕಾಳನ್ನು ಅಂಗೈಲಿ ಹಾಕಿ ನೋಡಿದರೆ ಕ್ಲಾಸ್ ತಿಳಿಯಬೇಕು ಅಂತಲೇ ನಿಯಮ ಇತ್ತು. ಹಾಗೆ ಕಾಣದಿದ್ದರೆ ಒಳ್ಳೆಯ ತಳಿಗೂ ದಾರಿ ಇಲ್ಲ. ಆ ವರ್ಷ ಅದನ್ನು ತೆಗೆದರು. ಈಗ ರೈತ ಇಂಥ ಕ್ಲಾಸಿನದ್ದು ಅಂತ ಬರೆದು ಸಹಿ ಹಾಕಿ ಕೊಡಬೇಕು. ಬಗೆದು ನೋಡಿದರೂ ಕಾಳು ಹೇಳುವುದಿಲ್ಲ. 'ಗುಂಪು' ಹಾಕುತ್ತೇನೆ: 'ಗುಂಪು ಬದಲಾದ 25 ತಳಿಗಳು'. ಪ್ರೆಸ್ಸಿನವರು ಫೋನ್ ಮಾಡ್ತಾ ಇದ್ದಾರೆ.
(ಉಡುಪಿ)

> ಗುಂಪು ಅಂದರೆ ಜನಜಂಗುಳಿ. ಬಗೆಯೇ ಸರಿ. ಮತ್ತೆ ಆ 'ಫ್ಲೆಕ್ಸ್' ಎಂತದು? ಹಲಗೆ ಅನ್ನಿ.
(ಕದ್ರಿ)

> ಹಲಗೆ ಫಲಕದ ತದ್ಭವ.
(ಮಣಿಪಾಲ)