ಡಾಬ್ಸೋನಿಯನ್ ಇದೆ, ನೀಹಾರಿಕೆಗಳ ಚಿತ್ರ ತೆಗೆಯಬೇಕು: ಮೊದಲು ಕೊಳ್ಳಬೇಕಾದದ್ದು ಏನು?

ಇರುಳುನೋಟ (ಪ್ರಶ್ನೆ):

ನನ್ನ ಬಳಿ 203 ಮಿ.ಮೀ. ವ್ಯಾಸದ ಕನ್ನಡಿಯುಳ್ಳ, 1200 ಮಿ.ಮೀ. ಸಂಗಮದೂರದ ಡಾಬ್ಸೋನಿಯನ್ (ಮೇಲೆ-ಕೆಳಗೆ, ಅಕ್ಕಪಕ್ಕ ತಿರುಗುವ ಸರಳ ಪೀಠದ) ದೂರದರ್ಶಕವಿದೆ. ಮೋಟಾರು ಇಲ್ಲ, ಕೈಯಿಂದಲೇ ತಿರುಗಿಸಬೇಕು. ಇದಲ್ಲದೆ ಎಪಿಎಸ್-ಸಿ ಸೆನ್ಸರಿನ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 135 ಮಿ.ಮೀ. ಲೆನ್ಸ್ ಇವೆ. ಕಣ್ಣಿಟ್ಟು ನೋಡುವ ಮಟ್ಟಿಗೆ ಯಾವ ಕೊರತೆಯೂ ಕಂಡಿಲ್ಲ. ಈಗ ಓರಿಯನ್ ನೀಹಾರಿಕೆ, ದೇವಯಾನಿ ಗೆಲಾಕ್ಸಿಗಳಂಥ ಮಂದ ಕಾಯಗಳ ಚಿತ್ರ ತೆಗೆಯುವ ಆಸೆ ಹುಟ್ಟಿದೆ. ಆದರೆ ಐಪೀಸ್ ತೆಗೆದು ಕ್ಯಾಮೆರಾ ಜೋಡಿಸಿದರೆ, ಫೋಕಸರನ್ನು ಪೂರ್ತಿ ಒಳಕ್ಕೆ ತಂದರೂ ನಕ್ಷತ್ರಗಳು ಬಿಂದುಗಳಾಗುವುದಿಲ್ಲ. ತಂಪುಗೊಳಿಸುವ ವ್ಯವಸ್ಥೆಯಿರುವ ಖಗೋಳ ಕ್ಯಾಮೆರಾ, ಮೋಟಾರು ಅಳವಡಿಸಿದ ಈಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾಂತರವಾದ ಅಕ್ಷದ ಸುತ್ತ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಪೀಠ), ಚಿಕ್ಕದೊಂದು ರಿಫ್ರಾಕ್ಟರ್ (ಕನ್ನಡಿಯ ಬದಲು ಲೆನ್ಸ್ ಇರುವ ದೂರದರ್ಶಕ) — ಈ ಮೂರರಲ್ಲಿ ಯಾವುದನ್ನು ಮೊದಲು ಕೊಳ್ಳುವುದು ಸೂಕ್ತವೆಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಧ್ರುವಪಥ:

ಫೋಕಸ್ ಸಿಗದಿರುವುದು ನಿಮ್ಮ ದೂರದರ್ಶಕದ ದೋಷವಲ್ಲ. ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರ್ ಸುಮಾರು 45 ಮಿ.ಮೀ. ಹಿಂದಿರುತ್ತದೆ, ಐಪೀಸಿಗೆಂದೇ ರೂಪಿಸಿದ ಅನೇಕ ಡಾಬ್ಸೋನಿಯನ್‌ಗಳಲ್ಲಿ ಬಿಂಬ ಮೂಡುವ ತಲ ಅಷ್ಟು ಹೊರಗೆ ಬರುವುದಿಲ್ಲ. ನಡುವೆ ಬಾರ್ಲೋ ಲೆನ್ಸ್ (ಸಂಗಮದೂರವನ್ನು ಹಿಗ್ಗಿಸುವ ಲೆನ್ಸ್) ಹಾಕಿದರೆ ಅಥವಾ ಮುಖ್ಯ ಕನ್ನಡಿಯನ್ನು ಕೊಳವೆಯೊಳಗೆ ಸ್ವಲ್ಪ ಮುಂದಕ್ಕೆ ಸರಿಸಿದರೆ ಇದು ಬಗೆಹರಿಯುತ್ತದೆ. ಆದರೆ ನಿಮ್ಮ ಉದ್ದೇಶಕ್ಕೆ ನಿಜವಾದ ಅಡ್ಡಿ ಇದಲ್ಲ.

ಪಿಕ್ಸೆಲ್ಲಿನ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿ.ಮೀ.ಯಲ್ಲಿರುವ ಸಂಗಮದೂರದಿಂದ ಭಾಗಿಸಿದರೆ, ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡನ್ನು (ಡಿಗ್ರಿಯ 3600ನೇ ಒಂದು ಭಾಗ) ಆವರಿಸುತ್ತದೆ ಎಂಬುದು ಸಿಗುತ್ತದೆ. ಪಿಕ್ಸೆಲ್ 4 ಮೈಕ್ರಾನ್ ಎಂದಿಟ್ಟುಕೊಂಡರೆ ನಿಮ್ಮ ದೂರದರ್ಶಕದಲ್ಲಿ ಅದು ಸುಮಾರು 0.7 ಆರ್ಕ್‌ಸೆಕೆಂಡ್. ಭೂಮಿಯ ಆವರ್ತನೆಯಿಂದಾಗಿ ಖಗೋಳದ ಸಮಭಾಜಕದ ಬಳಿಯ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಎಂದರೆ ಒಂದೇ ಸೆಕೆಂಡಿನಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ದಾಟುತ್ತದೆ. ಎಂಥ ಉತ್ತಮ ಕ್ಯಾಮೆರಾ ತಂದರೂ ಈ ಲೆಕ್ಕ ಬದಲಾಗದು. ಆದ್ದರಿಂದ ಮೊದಲ ಸ್ಥಾನ ಮೌಂಟಿಗೇ ಸಲ್ಲಬೇಕು. ಡಾಬ್ಸೋನಿಯನ್ ಪೀಠಕ್ಕೇ ಮೋಟಾರು ಜೋಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಕಾಯವು ಚಿತ್ರದ ಮಧ್ಯದಲ್ಲಿಯೇ ಉಳಿಯುತ್ತದೆ, ಆದರೆ ಸುತ್ತಲಿನ ಕ್ಷೇತ್ರ ನಿಧಾನವಾಗಿ ತಿರುಗುತ್ತಿರುತ್ತದೆ; ನೇರ ಪೂರ್ವ ಮತ್ತು ಪಶ್ಚಿಮ ದಿಕ್ಕುಗಳಲ್ಲಿ ಈ ತಿರುಗುವಿಕೆ ಇಲ್ಲವೆನ್ನುವಷ್ಟು ಕಡಿಮೆ, ನೆತ್ತಿಯ ಸಮೀಪದಲ್ಲಿ ತೀರ ಹೆಚ್ಚು.

ಹಾಗೆಂದು ಆ ದೊಡ್ಡ ಕೊಳವೆಯನ್ನು ಹೊರುವ ಈಕ್ವಟೋರಿಯಲ್ ಮೌಂಟನ್ನೇ ಹುಡುಕಬೇಡಿ. ತಯಾರಕರು ಹೇಳುವ ಭಾರದ ಅರ್ಧದಷ್ಟನ್ನು ಮಾತ್ರ ಛಾಯಾಗ್ರಹಣದಲ್ಲಿ ನಂಬಬೇಕು ಎಂಬುದು ಬಳಸಿದವರ ಮಾತು. ಮೇಲಾಗಿ ಉದ್ದನೆಯ ಕೊಳವೆ ಗಾಳಿ ಬೀಸಿದಾಗ ಹಾಯಿಯಂತೆ ಎಳೆಯುತ್ತದೆ. ಕ್ಯಾಮೆರಾ ಮತ್ತು ಲೆನ್ಸ್ ಅಷ್ಟನ್ನೇ ಹೊರುವ ಚಿಕ್ಕ ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳನ್ನು ಹಿಂಬಾಲಿಸುವ ಪುಟ್ಟ ಈಕ್ವಟೋರಿಯಲ್ ಮೌಂಟ್) ಮತ್ತು ಗಟ್ಟಿಮುಟ್ಟಾದ ಟ್ರೈಪಾಡ್ ಸಾಕು. 135 ಮಿ.ಮೀ. ಲೆನ್ಸಿನಲ್ಲಿ ಪಿಕ್ಸೆಲ್ಲಿಗೆ 6 ಆರ್ಕ್‌ಸೆಕೆಂಡ್ ಬೀಳುವುದರಿಂದ ಸಣ್ಣಪುಟ್ಟ ತಪ್ಪುಗಳು ಕಾಣಿಸುವುದೇ ಇಲ್ಲ. ಚಿತ್ರದ ಅಗಲ ಸುಮಾರು 10 ಡಿಗ್ರಿ ಇರುತ್ತದೆ. 3 ಡಿಗ್ರಿಯಷ್ಟು ಚಾಚಿಕೊಂಡಿರುವ ದೇವಯಾನಿ ಗೆಲಾಕ್ಸಿ ಅದರಲ್ಲಿ ಆರಾಮವಾಗಿ ಕೂರುತ್ತದೆ. ನಿಮ್ಮ ದೂರದರ್ಶಕದಲ್ಲಿ ಚಿತ್ರದ ಅಗಲ 1.1 ಡಿಗ್ರಿ ಮಾತ್ರವಾದ್ದರಿಂದ ಅದರ ನಡುಭಾಗವಷ್ಟೇ ಸಿಗುತ್ತಿತ್ತು.

ಗುರುಶನಿ:

ಟ್ರ್ಯಾಕರ್ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಆದರೆ ಡಾಬ್ಸೋನಿಯನ್ ಛಾಯಾಗ್ರಹಣಕ್ಕೆ ಬಾರದು ಎಂಬ ಧ್ವನಿ ಮೇಲಿನ ಉತ್ತರದಲ್ಲಿದೆ, ಅದನ್ನು ಒಪ್ಪಲಾರೆ. ಚಂದ್ರ ಮತ್ತು ಗ್ರಹಗಳಿಗೆ ಬೇಕಾಗಿರುವುದು ಅಗಲವಾದ ಕನ್ನಡಿಯೇ. ಇಲ್ಲಿ ಒಂದೇ ದೀರ್ಘ ಚಿತ್ರ ತೆಗೆಯುವುದಿಲ್ಲ. ಕೆಲವೇ ಮಿಲಿಸೆಕೆಂಡುಗಳ ಸಾವಿರಾರು ಫ್ರೇಮುಗಳಿರುವ ವಿಡಿಯೋ ತೆಗೆದು, ವಾತಾವರಣ ಕ್ಷಣಕಾಲ ನಿಶ್ಚಲವಾಗಿದ್ದಾಗ ಸಿಕ್ಕ ಉತ್ತಮ ಫ್ರೇಮುಗಳನ್ನು ಮಾತ್ರ ಆಟೋಸ್ಟ್ಯಾಕರ್ಟ್‌ನಂಥ ತಂತ್ರಾಂಶದಿಂದ ಆರಿಸಿ ಒಂದರ ಮೇಲೊಂದು ಪೇರಿಸುತ್ತೇವೆ. ಎಕ್ಸ್‌ಪೋಷರ್ ಇಷ್ಟು ಕಿರಿದಾಗಿರುವಾಗ ತಂಪುಗೊಳಿಸಿದ ಸೆನ್ಸರಿನಿಂದ ಯಾವ ಲಾಭವೂ ಇಲ್ಲ.

ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯ ಸುಮಾರು ಐದು ಪಟ್ಟು ಎಫ್-ಸಂಖ್ಯೆ (ಸಂಗಮದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಬರುವುದು) ಇರಲಿ ಎಂಬುದು ರೂಢಿಯ ಸೂತ್ರ. 2.9 ಮೈಕ್ರಾನ್ ಪಿಕ್ಸೆಲ್ಲಿನ ಚಿಕ್ಕ ಗ್ರಹ ಕ್ಯಾಮೆರಾಕ್ಕೆ ಎಫ್/14.5 ಆಸುಪಾಸು ಬೇಕು, ನಿಮ್ಮ ಎಫ್/5.9 ದೂರದರ್ಶಕಕ್ಕೆ 2.5 ಪಟ್ಟಿನ ಬಾರ್ಲೋ ಹಾಕಿದರೆ ಅಲ್ಲಿಗೆ ತಲುಪುತ್ತೀರಿ. ಮೋಟಾರಿಲ್ಲದಿದ್ದರೆ 5.6 ಮಿ.ಮೀ. ಅಗಲದ ಸೆನ್ಸರನ್ನು ಗ್ರಹವು ಸುಮಾರು 25 ಸೆಕೆಂಡುಗಳಲ್ಲಿ ದಾಟಿಹೋಗುತ್ತದೆ. ಗ್ರಹವನ್ನು ಒಂದು ಅಂಚಿನಲ್ಲಿಟ್ಟು ಕೈ ತೆಗೆದು, ಅದು ಇನ್ನೊಂದು ಅಂಚಿಗೆ ಹೋಗುವವರೆಗೆ ಚಿತ್ರೀಕರಿಸಿ, ಮತ್ತೆ ಹಾಗೆಯೇ ಮಾಡಿ. ಫ್ರೇಮುಗಳನ್ನು ಹೊಂದಿಸುವ ಕೆಲಸ ತಂತ್ರಾಂಶದ್ದು. ಗುರು 10 ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ, ಒಟ್ಟುಗೂಡಿಸುವ ತುಣುಕುಗಳೆಲ್ಲ ಎರಡು ಮೂರು ನಿಮಿಷಗಳೊಳಗಿನವಾಗಿರಲಿ. ಚಿತ್ರೀಕರಣಕ್ಕೆ ಮೊದಲು ದೂರದರ್ಶಕವನ್ನು ಹೊರಗಿಟ್ಟು ಕನ್ನಡಿ ತಣಿಯಲು ಬಿಡಿ, ಕನ್ನಡಿಗಳ ಹೊಂದಾಣಿಕೆಯನ್ನು ಪರೀಕ್ಷಿಸಿ. ಈ ಎರಡನ್ನು ಕಡೆಗಣಿಸಿ ಕ್ಯಾಮೆರಾವನ್ನು ದೂರುವವರೇ ಹೆಚ್ಚು.

ಇರುಳುನೋಟ:

ಇಬ್ಬರಿಗೂ ಧನ್ಯವಾದಗಳು. ಮೊದಲು ಟ್ರ್ಯಾಕರ್ ಎಂದು ತೀರ್ಮಾನಿಸಿದ್ದೇನೆ. ಪ್ರತಿ ಚಿತ್ರಕ್ಕೆ ಎಷ್ಟು ಎಕ್ಸ್‌ಪೋಷರ್ ಕೊಡಬೇಕು, ಡಾರ್ಕ್ (ಲೆನ್ಸ್ ಮುಚ್ಚಿ ತೆಗೆದ) ಮತ್ತು ಫ್ಲಾಟ್ (ಸಮನಾದ ಬೆಳಕಿನಲ್ಲಿ ತೆಗೆದ) ಫ್ರೇಮುಗಳು ನಿಜಕ್ಕೂ ಅಗತ್ಯವೇ, ಬೆಳಕಿನ ಮಾಲಿನ್ಯವಿರುವಲ್ಲಿ ಫಿಲ್ಟರಿನಿಂದ ಪ್ರಯೋಜನವುಂಟೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಕೃತ್ತಿಕಾ:

ಎಕ್ಸ್‌ಪೋಷರಿಗಿಂತ ಮೊದಲು ಟ್ರ್ಯಾಕರಿನ ಅಕ್ಷವನ್ನು ಖಗೋಳ ಧ್ರುವಕ್ಕೆ ಹೊಂದಿಸುವ ಮಾತಾಡೋಣ. ಧ್ರುವತಾರೆಯು ಖಗೋಳ ಧ್ರುವದಿಂದ ಸುಮಾರು 40 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ದೂರದಲ್ಲಿದೆ. ಟ್ರ್ಯಾಕರಿನ ಅಕ್ಷವನ್ನು ನೇರವಾಗಿ ಆ ನಕ್ಷತ್ರಕ್ಕೇ ಗುರಿಯಿಟ್ಟರೆ, ನಕ್ಷತ್ರಗಳು ನಿಮಿಷಕ್ಕೆ 10 ಆರ್ಕ್‌ಸೆಕೆಂಡ್‌ವರೆಗೆ ಜಾರಬಹುದು. ಎರಡು ನಿಮಿಷದ ಚಿತ್ರದಲ್ಲಿ ಅದು ನಿಮ್ಮ 135 ಮಿ.ಮೀ. ಲೆನ್ಸಿಗೆ ಮೂರು ಪಿಕ್ಸೆಲ್‌ಗಳಿಗೂ ಹೆಚ್ಚಿನ ಗೆರೆ. ಟ್ರ್ಯಾಕರಿನ ಧ್ರುವದರ್ಶಕದಲ್ಲಿರುವ (ಅಕ್ಷದ ಗುಂಟ ನೋಡುವ ಪುಟ್ಟ ದೂರದರ್ಶಕ) ವೃತ್ತದ ಮೇಲೆ ಆ ಹೊತ್ತಿಗೆ ತಕ್ಕ ಜಾಗದಲ್ಲಿ ಧ್ರುವತಾರೆಯನ್ನು ಕೂರಿಸಿ ತಪ್ಪನ್ನು 10 ಆರ್ಕ್‌ಮಿನಿಟ್‌ಗೆ ಇಳಿಸಿದರೆ, ಅದೇ ಜಾರುವಿಕೆ ಒಂದು ಪಿಕ್ಸೆಲ್ಲಿಗಿಂತ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ನಿಖರತೆಗಾಗಿ ರಾತ್ರಿಯ ಸಮಯ ಕಳೆಯಬೇಕಾಗಿಲ್ಲ.

ಎಕ್ಸ್‌ಪೋಷರಿಗೆ ಒಂದೇ ಸಂಖ್ಯೆ ಹೇಳಲಾಗದು. ರಾ ಕಡತವಾಗಿ, ಐಎಸ್ಒ 800 ಅಥವಾ 1600ರಲ್ಲಿ ತೆಗೆಯಿರಿ. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ದಿಬ್ಬ ಎಡ ಅಂಚಿನಿಂದ ಸ್ಪಷ್ಟವಾಗಿ ಬಿಡಿಸಿಕೊಂಡು ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ನಿಂತರೆ ಸಾಕು. ಬೆಳಕಿರುವ ಆಕಾಶದಲ್ಲಿ ಇದು ಅರ್ಧ ನಿಮಿಷಕ್ಕೇ ಆಗಬಹುದು. ಮುಖ್ಯವಾದದ್ದು ಒಟ್ಟು ಸಮಯ: ನಾಲ್ಕು ಪಟ್ಟು ಚಿತ್ರಗಳನ್ನು ಪೇರಿಸಿದರೆ ಗದ್ದಲಕ್ಕೆ ಹೋಲಿಸಿದಂತೆ ಸಂಕೇತ ಎರಡು ಪಟ್ಟಾಗುತ್ತದೆ, ಅಷ್ಟೇ. ಓರಿಯನ್ ನೀಹಾರಿಕೆಯ ನಡುಭಾಗ ಬಹಳ ಪ್ರಕಾಶಮಾನವಾದ್ದರಿಂದ ಅದಕ್ಕೆ 5ರಿಂದ 10 ಸೆಕೆಂಡುಗಳ ಪ್ರತ್ಯೇಕ ಚಿತ್ರಗಳನ್ನು ತೆಗೆದಿಟ್ಟುಕೊಂಡು ಆಮೇಲೆ ಸೇರಿಸಿ.

ಡಾರ್ಕ್ ಮತ್ತು ಫ್ಲಾಟ್‌ಗಳಲ್ಲಿ ಒಂದನ್ನು ಬಿಡಲೇಬೇಕೆಂದರೆ ನಾನು ಡಾರ್ಕ್ ಬಿಡುತ್ತೇನೆ. ಡಾರ್ಕ್ ಫ್ರೇಮಿಗೆ ಅದೇ ಎಕ್ಸ್‌ಪೋಷರ್, ಅದೇ ಐಎಸ್ಒ, ಅದೇ ತಾಪಮಾನ ಬೇಕು. ತಂಪುಗೊಳಿಸದ ಕ್ಯಾಮೆರಾದಲ್ಲಿ ತಾಪಮಾನ ರಾತ್ರಿಯುದ್ದಕ್ಕೂ ಬದಲಾಗುತ್ತಲೇ ಇರುತ್ತದೆ. ಅದರ ಬದಲು ಕೆಲವು ಚಿತ್ರಗಳಿಗೊಮ್ಮೆ ಕ್ಯಾಮೆರಾವನ್ನು ಹತ್ತಾರು ಪಿಕ್ಸೆಲ್‌ಗಳಷ್ಟು ಪಕ್ಕಕ್ಕೆ ಸರಿಸಿದರೆ, ಪೇರಿಸುವಾಗ ಸೆನ್ಸರಿನ ಸ್ಥಿರ ಕಲೆಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಫ್ಲಾಟ್‌ಗೆ ಮಾತ್ರ ಪರ್ಯಾಯವಿಲ್ಲ: ಮೂಲೆಗಳ ಮಬ್ಬು, ಧೂಳಿನ ನೆರಳು ಎರಡೂ ಮಂದ ನೀಹಾರಿಕೆಯಂತೆಯೇ ಕಾಣುತ್ತವೆ, ಚಿತ್ರದ ಮಂದ ಭಾಗಗಳನ್ನು ಬೆಳಗಿಸಿದಷ್ಟೂ ಎದ್ದು ಬರುತ್ತವೆ. ಫೋಕಸ್, ದ್ಯುತಿರಂಧ್ರ ಯಾವುದನ್ನೂ ಮುಟ್ಟದೆ, ಲೆನ್ಸಿನ ಮುಂದೆ ಬಿಳಿ ಬಟ್ಟೆಯನ್ನು ಬಿಗಿಯಾಗಿ ಹರಡಿ, ಬೆಳಗಿನ ತಿಳಿ ಆಕಾಶದತ್ತ ತಿರುಗಿಸಿ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆಯಿರಿ.

ಇನ್ನು ಫಿಲ್ಟರ್. ತಾವೇ ಬೆಳಕು ಹೊರಸೂಸುವ ನೀಹಾರಿಕೆಗಳ ಬೆಳಕು ಹೈಡ್ರೋಜನ್-ಆಲ್ಫಾದ 656.3 ಮತ್ತು ಆಮ್ಲಜನಕದ 500.7 ನ್ಯಾನೋಮೀಟರಿನಂಥ ಕೆಲವೇ ಗೆರೆಗಳಲ್ಲಿ ಕೂಡಿರುವುದರಿಂದ, ಆ ಗೆರೆಗಳನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬಹಳ ಸಹಾಯಕ. ಆದರೆ ಸಾಮಾನ್ಯ ಡಿಎಸ್‌ಎಲ್‌ಆರ್‌ನ ಒಳಗಿರುವ ಫಿಲ್ಟರ್ ಹೈಡ್ರೋಜನ್-ಆಲ್ಫಾದ ಬಹುಪಾಲನ್ನು ತಡೆದುಬಿಡುತ್ತದೆ. ಅದನ್ನು ಬದಲಿಸದೆ ಹೊರಗಿನ ಫಿಲ್ಟರ್ ಕೊಂಡರೆ ಅರ್ಧ ಲಾಭವೂ ಸಿಗದು. ದೇವಯಾನಿಯ ಬೆಳಕಾದರೋ ನಕ್ಷತ್ರಗಳದು, ಎಲ್ಲ ಬಣ್ಣಗಳಲ್ಲೂ ಹರಡಿಕೊಂಡದ್ದು. ಅದಕ್ಕೆ ಇಂಥ ಫಿಲ್ಟರ್ ಹಾಕಿದರೆ ಹಿನ್ನೆಲೆಯ ಜೊತೆಗೆ ಗೆಲಾಕ್ಸಿಯೂ ಕಂದುತ್ತದೆ. ಗೆಲಾಕ್ಸಿಗೆ ಕತ್ತಲೆಯ ಜಾಗಕ್ಕೆ ಹೋಗುವುದೊಂದೇ ದಾರಿ.

ಧ್ರುವಪಥ:

ಗುರುಶನಿಯವರ ಆಕ್ಷೇಪ ಸರಿಯಾಗಿದೆ. ನಾನು ಮಂದ ಕಾಯಗಳನ್ನಷ್ಟೇ ಗಮನದಲ್ಲಿಟ್ಟು ಬರೆದಿದ್ದೆ. ಕೃತ್ತಿಕಾ ಅವರ ಮಾತಿಗೆ ಒಂದು ಸೇರ್ಪಡೆ. ಸಂಜೆ ಒಮ್ಮೆ ಫೋಕಸ್ ಮಾಡಿ ಹಾಗೆಯೇ ಬಿಡಬೇಡಿ: ಗಾಳಿ ತಣ್ಣಗಾದಂತೆ ಲೆನ್ಸ್ ಕುಗ್ಗಿ ಫೋಕಸ್ ಸರಿಯುತ್ತದೆ. ಪ್ರಕಾಶಮಾನವಾದ ನಕ್ಷತ್ರವೊಂದರ ಮೇಲೆ ಬಾಹ್ಟಿನೋವ್ ಮುಖವಾಡ (ಲೆನ್ಸಿನ ಮುಂದಿಡುವ, ಸೀಳುಗಳುಳ್ಳ ಮುಚ್ಚಳ) ಹಾಕಿ, ಮೂರು ಗೆರೆಗಳಲ್ಲಿ ನಡುವಿನದು ಉಳಿದೆರಡರ ಸರಿಮಧ್ಯದಲ್ಲಿದೆಯೇ ಎಂದು ಗಂಟೆಗೊಮ್ಮೆ ನೋಡಿಕೊಳ್ಳಿ. ಇಬ್ಬನಿ ಬೀಳುವ ಕಾಲದಲ್ಲಿ ಲೆನ್ಸಿಗೆ ಸುತ್ತುವ ಹೀಟರ್ ಪಟ್ಟಿಯೂ ಅಗತ್ಯ. ತಂಪುಗೊಳಿಸುವ ಕ್ಯಾಮೆರಾದ ವಿಚಾರವನ್ನು, ಗೈಡಿಂಗ್ (ಇನ್ನೊಂದು ಕ್ಯಾಮೆರಾದಿಂದ ನಕ್ಷತ್ರವನ್ನು ಗಮನಿಸಿ ಮೌಂಟನ್ನು ತಿದ್ದುವ ವ್ಯವಸ್ಥೆ) ಸಹಿತವಾದ ದೊಡ್ಡ ಮೌಂಟ್ ಬರುವವರೆಗೆ ಮುಂದೂಡಬಹುದು.