ವಿಂಡೋಸನ್ನು ದೊಡ್ಡ ಎಸ್‌ಎಸ್‌ಡಿಗೆ ಸಾಗಿಸೋದು ಹೇಗೆ?

ರಾಜಾಜಿನಗರದಿಂದ ಪ್ರಶ್ನೆ: ಅಪ್ಪನ ಲ್ಯಾಪ್‌ಟಾಪಿನ 128 ಜಿಬಿ ಎಸ್‌ಎಸ್‌ಡಿ (ವಿಂಡೋಸ್, ಫೈಲು ಎಲ್ಲ ಇರೋ ಡಿಸ್ಕು) ತುಂಬಿಹೋಗಿದೆ. ಎಸ್‌ಪಿ ರೋಡಿಂದ 500 ಜಿಬಿಯದು ತಂದಿದ್ದೀನಿ. ಅಂಗಡಿ ಲೆಕ್ಕದ ಸಾಫ್ಟ್‌ವೇರ್, ನುಡಿ ಫಾಂಟು ಎಲ್ಲ ಇದ್ದ ಹಾಗೇ ಬರಬೇಕು. ಅಪ್ಪನಿಗೆ ಒಂದು ಐಕಾನ್ ಜಾಗ ಬದಲಾದರೂ ಕೆಲಸ ನಿಲ್ಲುತ್ತೆ.

ಉತ್ತರ: ಕ್ಲೋನ್ ಮಾಡಿ, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಿ. ಹೊಸದನ್ನು ಯುಎಸ್‌ಬಿ ಕೇಸಿಗೆ ಹಾಕಿ, ಕ್ಲೋನ್‌ಜಿಲ್ಲಾ (ಡಿಸ್ಕ್ ನಕಲು ಮಾಡೋ ಉಚಿತ ಸಾಫ್ಟ್‌ವೇರ್) ಇರೋ ಪೆನ್‌ಡ್ರೈವಿಂದ ಲ್ಯಾಪ್‌ಟಾಪನ್ನು ಬೂಟ್ ಮಾಡಿ. ಎಲ್ಲಿಂದ ಎಲ್ಲಿಗೆ ಅಂತ ಗಾತ್ರ ನೋಡಿ ಖಾತ್ರಿ ಮಾಡ್ಕೊಳ್ಳಿ. ಅದಲುಬದಲಾದರೆ ಅಪ್ಪನ ಲೆಕ್ಕವೆಲ್ಲ ಅಳಿಸಿಹೋಗುತ್ತೆ. ಅದಕ್ಕೇ ಲೆಕ್ಕದ ಫೋಲ್ಡರನ್ನು ಮೊದಲೇ ಬೇರೆ ಕಡೆ ಇಟ್ಕೊಳ್ಳಿ.

ಇನ್ನೊಬ್ಬರು: ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಇದ್ದರೆ ಮೊದಲು ಆಫ್ ಮಾಡಿ.

ರಾಜಾಜಿನಗರ: ಕ್ಲೋನ್ ಮಾಡಿ ಹೊಸದನ್ನು ಲ್ಯಾಪ್‌ಟಾಪಿಗೆ ಹಾಕಿದೆ, ಬೂಟ್ ಆಯ್ತು ಸಾರ್! ಆದರೆ ಸಿ ಡ್ರೈವ್ ಹಳೇ ಗಾತ್ರದಲ್ಲೇ ಇದೆ, ಅದನ್ನು ಹಿಗ್ಗಿಸೋ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತೋಕಾಗ್ತಿಲ್ಲ.

ಉತ್ತರ: ಸಿ ಮತ್ತು ಖಾಲಿ ಜಾಗದ ಮಧ್ಯೆ ರಿಕವರಿ ಪಾರ್ಟಿಶನ್ (ವಿಂಡೋಸ್ ಕೆಟ್ಟರೆ ಸರಿಪಡಿಸೋಕೆ ಇಟ್ಟ ಭಾಗ) ಅಡ್ಡ ಇರಬೇಕು. ಜಿಪಾರ್ಟೆಡ್ ಅನ್ನೋ ಡಿಸ್ಕ್ ಭಾಗ ಮಾಡೋ ಸಾಫ್ಟ್‌ವೇರಲ್ಲಿ ಅದನ್ನು ಕೊನೆಗೆ ಸರಿಸಿ, ಆಮೇಲೆ ಸಿ ಹಿಗ್ಗಿಸಿ. ಹಳೇ ಎಸ್‌ಎಸ್‌ಡಿಯನ್ನು ಸದ್ಯಕ್ಕೆ ಫಾರ್ಮ್ಯಾಟ್ ಮಾಡಬೇಡಿ.